ಗೆದ್ದರೆ ನೇರ ನುಡಿ, ಸೋತರೆ ಬಾಯಿಹರುಕತನ

ರಿಕ್ ಪಿಟಿನೋ ಬಾಯಿ ಬಿಟ್ಟರೆ ನ್ಯೂಯಾರ್ಕಿನ ಬಾಸ್ಕೆಟ್‌ಬಾಲ್ ಅಭಿಮಾನಿಗಳಿಗೆ ವಾರಗಟ್ಟಲೆ ಮಾತಾಡಲು ವಿಷಯ ಸಿಗುತ್ತದೆ. ಕ್ವೀನ್ಸ್‌ನ ಸೇಂಟ್ ಜಾನ್ಸ್ ಯೂನಿವರ್ಸಿಟಿ ಕೋಚ್ ಅವರು. ವಯಸ್ಸು ಎಪ್ಪತ್ತು ದಾಟಿದೆ. ಮೈಕ್ ಮುಂದೆ ಕೂತರೆ ಅಳೆದು ತೂಗಿ ಮಾತಾಡುವ ಜಾಯಮಾನ ಅಲ್ಲ. ಅವರು ಆಡಿದ ಮಾತಿಗಿಂತ, ಆ ಮಾತಿನ ಬಗ್ಗೆ ಅಭಿಮಾನಿಗಳು ಹೇಗೆ ರಾಗ ಬದಲಾಯಿಸಿದರು ಅನ್ನೋದು ನನ್ನನ್ನು ಜಾಸ್ತಿ ಕಾಡುತ್ತಿದೆ. ಅದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

2024ರ ಫೆಬ್ರವರಿ 18. ಎಲ್ಮಾಂಟ್‌ನ ಯುಬಿಎಸ್ ಅರೀನಾದಲ್ಲಿ ಪಂದ್ಯ. ಎದುರಾಳಿ ನ್ಯೂಜೆರ್ಸಿಯ ಸೀಟನ್ ಹಾಲ್, ಹಳೇ ಜಿದ್ದಿನ ತಂಡ. 19 ಪಾಯಿಂಟ್ ಮುಂದಿದ್ದ ಸೇಂಟ್ ಜಾನ್ಸ್ 68–62ರಲ್ಲಿ ಸೋತಿತು. ಹಿಂದಿನ ಹತ್ತು ಪಂದ್ಯಗಳಲ್ಲಿ ಅದು ಎಂಟನೇ ಸೋಲು. ಆಮೇಲೆ ಪ್ರೆಸ್ ಮೀಟ್‌ಗೆ ಬಂದ ಪಿಟಿನೋ ತಮ್ಮ ಹುಡುಗರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಎಣಿಸಿದರು. ಇವನು ಪಕ್ಕಕ್ಕೆ ಸರಿಯುವಾಗ ನಿಧಾನ. ಅವನೂ ನಿಧಾನ. ಇನ್ನೊಬ್ಬನೂ ನಿಧಾನ. ಮತ್ತೊಬ್ಬನ ಮೈಯಲ್ಲಿ ಬಲ ಇಲ್ಲ. ಒಟ್ಟು ಐದು ಹೆಸರು. ನನ್ನ ಇಡೀ ಜೀವನದಲ್ಲಿ ಇಷ್ಟು ಖುಷಿ ಇಲ್ಲದ ಅನುಭವ ಇನ್ನೊಂದಿಲ್ಲ ಅಂತಲೂ ಹೇಳಿದರು.

ಆಟ ನೋಡದವರಿಗೆ ಒಂದು ವಿಷಯ ಹೇಳಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್ ಅಂದರೆ ಬಹಳ ಮಟ್ಟಿಗೆ ಕಾಲಿನ ಕೆಲಸ. ಎದುರಿಗಿರುವವನು ಚೆಂಡು ಪುಟಿಸುತ್ತಾ ಎಡಕ್ಕೋ ಬಲಕ್ಕೋ ನುಗ್ಗುತ್ತಾನೆ. ಆಗ ಮಂಡಿ ಬಗ್ಗಿಸಿ, ಕೈ ಅಗಲ ಮಾಡಿ, ಕಾಲಿಗೆ ಕಾಲು ತೊಡರದ ಹಾಗೆ ಏಡಿಯಂತೆ ಪಕ್ಕಕ್ಕೆ ಸರಿಯಬೇಕು. ಅರ್ಧ ಹೆಜ್ಜೆ ತಡವಾದರೂ ಅವನು ಭುಜ ತೂರಿಸಿ ದಾಟಿ ಹೋಗುತ್ತಾನೆ. ಆಮೇಲೆ ಉಳಿಯುವುದು ಎರಡೇ ದಾರಿ. ಸುಮ್ನೆ ಬಿಡಬೇಕು, ಇಲ್ಲವೇ ಕೈ ಹಾಕಿ ಫೌಲ್ ಮಾಡಬೇಕು. ಫೌಲ್ ಮಾಡದೆ ಯಾರನ್ನೂ ತಡೆಯಲು ನಮ್ಮವರಿಗೆ ಆಗುತ್ತಿಲ್ಲ ಅಂತ ಪಿಟಿನೋ ಗೋಳಾಡಿದ್ದು ಇದಕ್ಕೇ. ಆಟದ ಲೆಕ್ಕದಲ್ಲಿ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಐವರಲ್ಲಿ ಒಬ್ಬನಾದ 6 ಅಡಿ 11 ಅಂಗುಲದ ಜೋಯೆಲ್ ಸೊರಿಯಾನೋ ಬುಟ್ಟಿ ಕೆಳಗೆ ನಿಂತು ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಹಿಡಿಯುವ ಆಟಗಾರ. ಚೆಂಡು ಪುಟಿಸುತ್ತಾ ನುಗ್ಗುವ ಚುರುಕಾದ ಗಾರ್ಡ್ ಹಿಂದೆ ಓಡಿಸಿದರೆ ಅವನು ಹಿಂದೆ ಬೀಳುವುದು ಎಲ್ಲರಿಗೂ ಕಾಣುತ್ತಿತ್ತು.

ಆ ರಾತ್ರಿಯೇ ಅಭಿಮಾನಿಗಳು ಎರಡು ಬಣ ಆದರು. ಒಂದು ಬಣಕ್ಕೆ ಸಿಟ್ಟು. ತಂಡ ಕಟ್ಟಿದವರು ನೀವೇ, ಈಗ ಹುಡುಗರ ತಲೆ ಮೇಲೆ ಗೂಬೆ ಕೂರಿಸುತ್ತೀರಾ ಅಂತ. ಇನ್ನೊಂದು ಬಣಕ್ಕೆ ಸಮಾಧಾನ. ಕೊನೆಗೂ ಒಬ್ಬ ಕೋಚ್ ಇದ್ದದ್ದನ್ನು ಇದ್ದ ಹಾಗೆ ಹೇಳಿದನಲ್ಲ ಅಂತ. ಈ ಎರಡನೇ ಬಣದ ಹಸಿವು ನನಗೆ ಅರ್ಥ ಆಗುತ್ತದೆ. ಸೇಂಟ್ ಜಾನ್ಸ್ ಸಾಮಾನ್ಯ ಕಾಲೇಜಲ್ಲ. 1985ರಲ್ಲಿ ಸ್ಟಾರ್ ಆಟಗಾರ ಕ್ರಿಸ್ ಮಲ್ಲಿನ್ ಇದ್ದಾಗ ದೇಶದ ಕಾಲೇಜು ಟೂರ್ನಿಯ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಘಟ್ಟ, ಆಡಿದ ತಂಡ. ಆಗಿನ ಕೋಚ್ ಲೂ ಕಾರ್ನೆಸೆಕಾ ಅವರ ಸ್ವೆಟರ್ ಇವತ್ತಿಗೂ ಊರಿಗೇ ನೆನಪಿದೆ. ಅಂಥ ತಂಡ 2000ದ ನಂತರ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎದ ಆ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬಂದ ಕೋಚ್‌ಗಳೆಲ್ಲ "ಹುಡುಗರು ಕಷ್ಟಪಡುತ್ತಿದ್ದಾರೆ, ಮುಂದಿನ ವರ್ಷ ನೋಡೋಣ" ಅಂದುಕೊಂಡೇ ಕಾಲ ತಳ್ಳಿದ್ದರು. ಅದನ್ನು ಕೇಳಿ ಕೇಳಿ ರೋಸಿದವರಿಗೆ ಪಿಟಿನೋ ಮಾತು ಮಳೆ ಬಂದ ಹಾಗಾಯಿತು.

ಆಮೇಲೆ ನಡೆದದ್ದು ನೋಡಿ. ತಂಡ ಸತತ ಆರು ಪಂದ್ಯ ಗೆದ್ದಿತು. ತಾನು ಆಡುವ ಲೀಗ್ ಬಿಗ್ ಈಸ್ಟ್‌ನ ಟೂರ್ನಿಯಲ್ಲಿ ಅದೇ ಸೀಟನ್ ಹಾಲ್ ತಂಡವನ್ನು 91–72ರಲ್ಲಿ ಬಗ್ಗುಬಡಿಯಿತು. ಸೆಮಿಫೈನಲ್‌ನಲ್ಲಿ ಆ ವರ್ಷ ದೇಶದ ಚಾಂಪಿಯನ್ ಆಗಲಿದ್ದ ಕನೆಕ್ಟಿಕಟ್ ಎದುರು ಬರೀ ಐದು ಪಾಯಿಂಟ್‌ನಿಂದ ಸೋತಿತು. ಅಷ್ಟರಲ್ಲಿ ಮೊದಲ ಬಣ ಮಾಯ! ನನ್ನ ಜೊತೆ ಕೆಲಸ ಮಾಡುವ ಒಬ್ಬರು ಸೇಂಟ್ ಜಾನ್ಸ್‌ನಲ್ಲೇ ಓದಿದವರು, ತಂಡ ಅಂದರೆ ಪ್ರಾಣ. ಫೆಬ್ರವರಿಯಲ್ಲಿ "ಈ ಮುದುಕನನ್ನು ಮನೆಗೆ ಕಳಿಸಬೇಕು, ನಮ್ಮ ಹುಡುಗರ ಮರ್ಯಾದೆ ತೆಗೆದ" ಅಂತ ಊಟದ ಟೇಬಲ್ ಕುಟ್ಟಿದ್ದರು. ಮಾರ್ಚ್ ಮಧ್ಯಕ್ಕೆ "ಬೇಕಂತಲೇ ಹಾಗೆ ಮಾಡಿದ್ದು ಕಣಯ್ಯಾ, ಹುಡುಗರನ್ನು ಕೆಣಕಿ ಎಬ್ಬಿಸಿದ" ಅನ್ನೋಕೆ ಶುರು ಮಾಡಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. ಎರಡು ಸಲವೂ ಮನಸ್ಸಿನಿಂದಲೇ ಹೇಳಿದ್ದರು. ನನಗೆ ಬೇಜಾರಾದದ್ದು ಅದಕ್ಕೇ.

ಆಡಿದ ಮಾತು ಅದೇ, ಐದು ಹೆಸರೂ ಅವೇ. ನಡುವೆ ಬದಲಾದದ್ದು ಸ್ಕೋರ್‌ಬೋರ್ಡ್ ಮಾತ್ರ, ಅಲ್ವಾ?

ಆ ಆರು ಗೆಲುವನ್ನು ಬಿಡಿಸಿ ನೋಡಿದರೆ ಕಥೆ ಅಷ್ಟು ಸಲೀಸಾಗಿಲ್ಲ. ಅದರಲ್ಲಿ ಮೂರು ಗೆಲುವು ಜಾರ್ಜ್‌ಟೌನ್ ಮತ್ತು ಡಿಪಾಲ್ ಮೇಲೆ. ಆ ಸೀಸನ್‌ನಲ್ಲಿ ಡಿಪಾಲ್ ಬಿಗ್ ಈಸ್ಟ್‌ನ 20 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಜಾರ್ಜ್‌ಟೌನ್ ಗೆದ್ದದ್ದು ಎರಡೇ ಎರಡು. ಕ್ರೇಟನ್ ಮೇಲಿನ ಗೆಲುವು ದೊಡ್ಡದು, ಒಪ್ಪುತ್ತೇನೆ. ಆದರೆ ಒಂದು ಪ್ರೆಸ್ ಮೀಟ್‌ನಿಂದಲೇ ತಂಡ ಎದ್ದು ನಿಂತಿತು ಅನ್ನಲು ನನಗೆ ಬಾಯಿ ಬರಲ್ಲ. ವರ್ಷದ ಆರಂಭದಲ್ಲಿ ಒಬ್ಬರಿಗೊಬ್ಬರು ಹೊಸಬರಾಗಿದ್ದವರು ಫೆಬ್ರವರಿ ಕೊನೆಗೆ ಒಗ್ಗಿಕೊಂಡಿದ್ದರು ಅನ್ನುವುದೂ ಅಷ್ಟೇ ಸಾಧ್ಯ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೈದ, ಗೆದ್ದರು. ಕೇಳೋಕೆ ಚೆನ್ನಾಗಿದೆ.

ಇದೇ ಪಿಟಿನೋ ಇದೇ ಥರ ಹಿಂದೊಮ್ಮೆಯೂ ಮಾತಾಡಿದ್ದರು. 2000ದ ಮಾರ್ಚ್ 1. ಆಗ ಅವರು ವೃತ್ತಿಪರ ಲೀಗ್ ಎನ್‌ಬಿಎದಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಕೋಚ್. ಟೊರಾಂಟೊದ ವಿನ್ಸ್ ಕಾರ್ಟರ್ ಕೊನೇ ಕ್ಷಣದಲ್ಲಿ ಬುಟ್ಟಿಗೆ ಹಾಕಿ ಸೋಲಿಸಿಬಿಟ್ಟಿದ್ದ. ಪಿಟಿನೋ ಸಿಟ್ಟೆಲ್ಲ ಅಭಿಮಾನಿಗಳ ಕಡೆ ತಿರುಗಿತು. ಲ್ಯಾರಿ ಬರ್ಡ್ ಆ ಬಾಗಿಲಿನಿಂದ ನಡೆದು ಬರಲ್ಲ, ಕೆವಿನ್ ಮೆಕ್‌ಹೇಲ್ ಬರಲ್ಲ, ರಾಬರ್ಟ್ ಪ್ಯಾರಿಷ್ ಬರಲ್ಲ, ಬಂದರೂ ತಲೆ ನರೆತು ಮುದುಕರಾಗಿ ಬರುತ್ತಾರೆ ಅಂದರು. ಸೆಲ್ಟಿಕ್ಸ್‌ನ ಆ ಮೂವರು ಹಳೇ ಸ್ಟಾರ್‌ಗಳ ಕಾಲದ ವೈಭವವನ್ನೇ ನೆನೆಯುತ್ತಾ ಈಗಿನ ಹುಡುಗರನ್ನು ಹೀಯಾಳಿಸಿ ಕೂಗಬೇಡಿ ಅನ್ನುವುದು ಆ ಮಾತಿನ ತಿರುಳು. ನನ್ನ ಪ್ರಕಾರ ಪಿಟಿನೋ ಮೈಕ್ ಮುಂದೆ ಆಡಿದ ಮಾತುಗಳಲ್ಲೇ ಅತಿ ಸಾಚಾ ಮಾತು ಅದು. ಅಲ್ಲಿ ಅವರು ತಮ್ಮ ಆಟಗಾರರ ಮುಂದೆ ಅಡ್ಡ ನಿಂತಿದ್ದರು. ಬೈಗುಳ ಹೋದದ್ದು ಟಿಕೆಟ್ ಕೊಂಡವರಿಗೆ, ತಿರುಗಿ ಕೂಗಲು ಬಾಯಿದ್ದವರಿಗೆ. ಆದರೆ ಸೆಲ್ಟಿಕ್ಸ್ ಗೆಲ್ಲಲಿಲ್ಲ. ಮುಂದಿನ ಜನವರಿಯಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು. ಇವತ್ತಿಗೂ ಆ ಮಾತನ್ನು ಜನ ನಗೋಕೆ ಮಾತ್ರ ನೆನೆಯುತ್ತಾರೆ.

ಆಟಗಾರರ ಪರ ನಿಂತ ಮಾತು ನಗೆಪಾಟಲಾಯಿತು. ಆಟಗಾರರನ್ನು ಬೀದಿಗೆ ತಂದ ಮಾತು ಚಾಣಾಕ್ಷತನ ಅನ್ನಿಸಿಕೊಂಡಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಅಂದರೆ ಇದೇ. ಲೂ ಕಾರ್ನೆಸೆಕಾ "ಇವತ್ತು ನವಿಲು, ನಾಳೆ ಗರಿ ಪೊರಕೆ" ಅನ್ನುತ್ತಿದ್ದರಂತೆ. ಕೋಚ್ ಆದವನ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಪಿಟಿನೋ ವಿರೋಧಿ ಅಲ್ಲ. 1987ರಲ್ಲಿ, ಕಾಲೇಜು ಆಟಕ್ಕೆ ಮೂರು ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದರೆ ಮೂರು ಪಾಯಿಂಟ್) ಬಂದ ಮೊದಲ ವರ್ಷವೇ, ಅದರ ಬೆಲೆ ಅರಿತು ಪ್ರಾವಿಡೆನ್ಸ್‌ನಂಥ ಸಣ್ಣ ಕಾಲೇಜನ್ನು ಫೈನಲ್ ಫೋರ್‌ಗೆ ಒಯ್ದವರು. 1996ರಲ್ಲಿ ಕೆಂಟಕಿಗೆ ಕಪ್ ತಂದವರು. ಲೂಯಿವಿಲ್‌ನಲ್ಲಿ 2013ರಲ್ಲಿ ಗೆದ್ದ ಕಪ್ಪನ್ನು ಎನ್‌ಸಿಎಎ ಆಮೇಲೆ ಹಿಂತೆಗೆದುಕೊಂಡಿತು, 2017ರಲ್ಲಿ ಕೆಲಸವೂ ಹೋಯಿತು. ಗ್ರೀಸ್‌ಗೆ ಹೋದರು, ಅಯೋನಾ ಅನ್ನೋ ಸಣ್ಣ ಕಾಲೇಜಿಗೆ ಬಂದರು, ಅಲ್ಲಿಂದ 2023ರಲ್ಲಿ ಸೇಂಟ್ ಜಾನ್ಸ್‌ಗೆ. ಅಷ್ಟು ಬಿದ್ದು ಎದ್ದ ಮನುಷ್ಯನ ಆಟದ ತಿಳಿವಳಿಕೆ ಬಗ್ಗೆ ನನಗೆ ಗೌರವವಿದೆ.

ಆ ಫೆಬ್ರವರಿಯ ಪ್ರೆಸ್ ಮೀಟ್‌ನಲ್ಲೇ ಅವರು ಇನ್ನೊಂದು ಮಾತು ಹೇಳಿದ್ದರು. ನಾವು ಆಟಗಾರರನ್ನು ಆರಿಸಿಕೊಂಡ ರೀತಿಯಿಂದಲೇ ಈ ಸೀಸನ್ ಕಳೆದುಕೊಂಡೆವು ಅಂತ. ನಿಜವಾದ ಧೈರ್ಯದ ಮಾತು ಅದು. ಯಾಕಂದರೆ ಆರಿಸಿದವರು ಅವರೇ. ಬಂದ ಕೂಡಲೇ ಹಳೇ ತಂಡವನ್ನು ಬಹುಪಾಲು ಖಾಲಿ ಮಾಡಿ, ಟ್ರಾನ್ಸ್‌ಫರ್ ಪೋರ್ಟಲ್ ಅನ್ನೋ, ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿಯಿಂದ ಅವಸರದಲ್ಲಿ ಹುಡುಗರನ್ನು ಕರೆತಂದಿದ್ದರು. ಆ ಒಂದು ವಾಕ್ಯ ಹೇಳಿ ಎದ್ದು ಹೋಗಿದ್ದರೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ. ಆದರೆ ಅದನ್ನು ಯಾರೂ ಹಂಚಿಕೊಳ್ಳಲಿಲ್ಲ. ಊರೆಲ್ಲ ಓಡಾಡಿದ್ದು ಐದು ಹೆಸರುಗಳ ವಿಡಿಯೋ. ಆ ಐದರಲ್ಲಿ ನಾನು ಇಲ್ಲಿ ಬರೆದದ್ದು ಸೊರಿಯಾನೋ ಹೆಸರು ಒಂದೇ. ಅವನು ಪಿಟಿನೋ ಬರುವ ಮುಂಚೆಯಿಂದ ಇದ್ದವನು. 2023ರಲ್ಲಿ ಬಿಗ್ ಈಸ್ಟ್‌ನ ಅತಿ ಹೆಚ್ಚು ಸುಧಾರಿಸಿದ ಆಟಗಾರ ಅನ್ನಿಸಿಕೊಂಡಿದ್ದ. ಕೋಚ್ ಬದಲಾದಾಗ ಬೇರೆಯವರು ಗಂಟುಮೂಟೆ ಕಟ್ಟಿದರು, ಇವನು ಉಳಿದುಕೊಂಡ.

ಇನ್ನು ದುಡ್ಡಿನ ವಾದ. "ಈಗ ಕಾಲೇಜು ಆಟಗಾರರಿಗೂ ಸಂಪಾದನೆ ಇದೆ, ದುಡ್ಡು ತಗೊಂಡಮೇಲೆ ಬೈಸಿಕೊಳ್ಳಬೇಕಪ್ಪಾ" ಅನ್ನೋರು ಬಹಳ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಸರಿ, ಆಟವನ್ನು ಟೀಕಿಸಿ. ನಾನೂ ಟೀಕಿಸುತ್ತೇನೆ. ಆದರೆ ಯಾರು ಆಡಬೇಕು, ಎಷ್ಟು ನಿಮಿಷ ಆಡಬೇಕು ಅನ್ನುವುದು ಕೋಚ್ ಕೈಯಲ್ಲಿದೆ. ಆ ಕೋಚ್ ಮೈಕ್ ಮುಂದೆ ಬೈದರೆ ಹುಡುಗ ಮರುದಿನ ಇನ್ನೊಂದು ಪ್ರೆಸ್ ಮೀಟ್ ಕರೆದು "ಕೋಚ್‌ಗೆ ತಂಡ ಕಟ್ಟೋಕೆ ಬರಲ್ಲ" ಅನ್ನಲು ಆಗುತ್ತಾ? ಅಂದರೆ ಬೆಂಚ್ ಮೇಲೆ ಕೂರಬೇಕು. ದುಡ್ಡು ಬಂದಮೇಲೂ ಈ ತಕ್ಕಡಿ ಸಮ ಆಗಿಲ್ಲ.

ಪಿಟಿನೋಗೂ ಇದು ತಟ್ಟಿರಬೇಕು. ಕೆಲವೇ ದಿನಗಳಲ್ಲಿ ಆಟಗಾರರ ಕ್ಷಮೆ ಕೇಳಿದರು. ಅದು ದೊಡ್ಡತನ. ಕೋಚೇ ತಪ್ಪಾಯಿತು ಅಂದಮೇಲೂ ಅಭಿಮಾನಿಗಳು "ಇಲ್ಲ, ನೀವು ಮಾಡಿದ್ದೇ ಸರಿ" ಅಂತ ಹಟ ಹಿಡಿದರಲ್ಲ, ಅದು ನನಗೆ ಇನ್ನೂ ಜೀರ್ಣ ಆಗಿಲ್ಲ.

ಮರುವರ್ಷ ಎಲ್ಲರಿಗೂ ಗೊತ್ತು. 2024–25ರಲ್ಲಿ ಸೇಂಟ್ ಜಾನ್ಸ್ 31 ಪಂದ್ಯ ಗೆದ್ದಿತು. ಬಿಗ್ ಈಸ್ಟ್ ಲೀಗ್ ಗೆದ್ದಿತು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟೂರ್ನಿಯನ್ನೂ ಗೆದ್ದಿತು. ಕ್ವೀನ್ಸ್‌ನಲ್ಲಿ ಹಬ್ಬ. ಆದರೆ ಮಾರ್ಚ್ 22ರಂದು ಎನ್‌ಸಿಎಎ ಎರಡನೇ ಸುತ್ತಿನಲ್ಲಿ ಅರ್ಕನ್ಸಾಸ್ ಎದುರು 75–66ರ ಸೋಲು. ಬಿಗ್ ಈಸ್ಟ್‌ನ ವರ್ಷದ ಆಟಗಾರ ಆರ್‌ಜೆ ಲೂಯಿಸ್ ಅವತ್ತು 17 ಸಲ ಎಸೆದು ಮೂರು ಮಾತ್ರ ಹಾಕಿದ. ಕೊನೇ ನಿಮಿಷಗಳಲ್ಲಿ ಪಿಟಿನೋ ಅವನನ್ನು ಬೆಂಚ್ ಮೇಲೆ ಕೂರಿಸಿದರು. ಯಾಕೆ ಅಂತ ಕೇಳಿದ ವರದಿಗಾರರಿಗೆ, ನಿಮಗೇ ಉತ್ತರ ಗೊತ್ತಿದೆ, 17ಕ್ಕೆ ಮೂರು ಹಾಕಿದ್ದಾನೆ ಅನ್ನೋ ಧಾಟಿಯಲ್ಲಿ ಹೇಳಿ ಮುಗಿಸಿದರು. ಇಡೀ ವರ್ಷ ತಂಡವನ್ನು ಹೊತ್ತವನ ಬಗ್ಗೆ ಒಂದು ಒಳ್ಳೇ ಮಾತು ಜೊತೆಗಿದ್ದಿದ್ದರೆ ಏನಾಗುತ್ತಿತ್ತು? ಲೂಯಿಸ್ ಆಮೇಲೆ ಕಾಲೇಜು ಬಿಟ್ಟು ಎನ್‌ಬಿಎ ಕಡೆ ಹೊರಟ. ಮಾತಿಗೆ ನೊಂದು ಹೋದನೋ, ಮೊದಲೇ ಹೋಗುವ ಯೋಚನೆ ಇತ್ತೋ, ಅದು ಅವನ ಮನಸ್ಸಿಗೇ ಗೊತ್ತು.

ಈ ಸಲ ಪಂದ್ಯ ಸೋತಿತ್ತಲ್ಲ, ಹಾಗಾಗಿ ಅಭಿಮಾನಿಗಳು ಪಿಟಿನೋ ಮೇಲೆ ತಿರುಗಿಬಿದ್ದರು. ಅವನನ್ನು ಕೂರಿಸಿದ್ದೇ ತಪ್ಪು, ಹೇಳಿದ ರೀತಿಯೂ ತಪ್ಪು ಅಂತ. ನನ್ನ ಸಹೋದ್ಯೋಗಿ ಮತ್ತೆ ಟೇಬಲ್ ಕುಟ್ಟಿದರು. ಒಂದು ವರ್ಷದ ಹಿಂದೆ ಐದು ಜನರ ಹೆಸರು ಹಿಡಿದು ಬೈದದ್ದು ಸರಿ, ಈಗ ಒಬ್ಬನ ಸ್ಕೋರ್ ಹೇಳಿದ್ದು ಹೇಗೆ ತಪ್ಪು ಅಂತ ಕೇಳಿದೆ. "ಅವತ್ತು ಕೆಲಸ ಮಾಡ್ತು, ಇವತ್ತು ಮಾಡ್ಲಿಲ್ಲ" ಅಂದರು. ಸೊರಿಯಾನೋಗೆ ಇದನ್ನೇ ಎದುರಿಗೆ ಹೇಳ್ತೀರಾ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಅಂದರು.