ಆರ್ಥಿಕ ಸುಸ್ವಾಗತ

ಈ ಶಾಲೆಗೆ ಸೇರಿದ ಮೊದಲ ದಿನವೇ ಮಕ್ಕಳು ನನಗೆ ಎದ್ದು ನಿಂತು ಗೌರವ ಕೊಟ್ಟರು. ಅಂದರೆ, ಹಾಗೆಂದು ನಾನು ತಿಳಿದುಕೊಂಡೆ.

ಒಂಬತ್ತನೇ ತರಗತಿ. ಪದ್ಯದ ಎರಡನೇ ಚರಣ ಮುಗಿಸಿ ಮೂರನೆಯದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೂವತ್ತೆಂಟು ಮಕ್ಕಳೂ ದಡಬಡ ಎದ್ದು ನಿಂತು ಕಣ್ಣು ಮುಚ್ಚಿಕೊಂಡರು. ಹಿಂದಿನ ಶಾಲೆಯಲ್ಲಿಯೂ ನಾನು ಪದ್ಯ ಓದಿದರೆ ಮಕ್ಕಳು ಕಣ್ಣು ಮುಚ್ಚುತ್ತಿದ್ದದ್ದು ನಿಜ. ಆದರೆ ಕೂತಲ್ಲೇ ಮುಚ್ಚುತ್ತಿದ್ದರು. ಸಂಕೋಚದಿಂದ “ಸಾಕು ಸಾಕು, ಕೂತ್ಕೊಳ್ಳಿ” ಎಂದೆ. ಒಬ್ಬರೂ ಕೂರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಒಂದೇ ಒಂದು ಕಣ್ಣು ತೆರೆದು, “ಟೀಚರ್, ಹನ್ನೆರಡು ಗಂಟೆ. ಆಂಜೆಲಸ್. ನೀವು ಸ್ವಲ್ಪ ಸುಮ್ಮನಿರಿ” ಎಂದು ಪಿಸುಗುಟ್ಟಿದಳು. ಪಕ್ಕದ ಇಗರ್ಜಿಯ ಗಂಟೆ ನನ್ನ ಕಿವಿಗೆ ಬಿದ್ದದ್ದು ಆಮೇಲೆ. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಎಂದು ದಿನಕ್ಕೆ ಮೂರು ಸಲ ಬಾರಿಸುವ ಪ್ರಾರ್ಥನೆಯ ಗಂಟೆಯಂತೆ ಅದು. ಆ ತರಗತಿಯಲ್ಲಿ ಕ್ರೈಸ್ತ ಮಕ್ಕಳು ಒಂಬತ್ತೋ ಹತ್ತೋ. ಉಳಿದವರು ತುಳು ಮನೆಮಾತಿನವರು, ಬ್ಯಾರಿ ಮಾತಾಡುವ ಮುಸ್ಲಿಂ ಮಕ್ಕಳು. ಎಲ್ಲರಿಗೂ ಗೊತ್ತಿದ್ದ ಸಂಗತಿ ಗೊತ್ತಿಲ್ಲದವಳು ನಾನೊಬ್ಬಳೇ.

ನಾನು ಮಂಡ್ಯ ಕಡೆಯವಳು. ಗಂಡನ ಬ್ಯಾಂಕ್ ವರ್ಗಾವಣೆಯ ಬಾಲ ಹಿಡಿದು ಕರಾವಳಿಗೆ ಬಂದು, ಶಾಂಭವಿ ನದಿಯಿಂದ ಸ್ವಲ್ಪ ಈಚೆ ಇರುವ ಈ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಇಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬರು ಸಿಸ್ಟರ್, ಸಂಚಾಲಕರು ಚರ್ಚಿನ ಫಾದರ್. ಕನ್ನಡ ಟೀಚರ್ ಆದವರ ಹಣೆಬರಹ ಎಲ್ಲ ಶಾಲೆಗಳಲ್ಲೂ ಒಂದೇ: ಪಾಠ ಕಡಿಮೆ, ಮೈಕು ಜಾಸ್ತಿ. ಸ್ವಾಗತ, ನಿರೂಪಣೆ, ಧನ್ಯವಾದ, ಬೀಳ್ಕೊಡುಗೆಯ ಮಾನಪತ್ರ, ಬ್ಯಾನರಿನ ಕಾಗುಣಿತ ಎಲ್ಲವೂ ನಮ್ಮ ತಲೆಗೇ. ವಿಜ್ಞಾನದ ಟೀಚರನ್ನು ಯಾರಾದರೂ ಫ್ಯೂಸ್ ಹಾಕಲು ಕರೆಯುತ್ತಾರೆಯೇ?

ಮೈಕು ಸಿಕ್ಕ ಮೇಲೆಯೇ ನನ್ನ ಬಣ್ಣ ಬಯಲಾದದ್ದು. ನಮ್ಮ ಕಡೆಯ ನಾಲಿಗೆಗೆ ‘ಹ’ ಒಗ್ಗುವುದಿಲ್ಲ. ಗಮನವಿಟ್ಟು ಓದುವಾಗ ಸರಿಯಾಗಿಯೇ ಬರುತ್ತದೆ. ಗಡಿಬಿಡಿಯಾದರೆ ತೌರುಮನೆಗೆ ಓಡಿಬಿಡುತ್ತದೆ. ನನ್ನ ಮೊದಲ ನಿರೂಪಣೆಯಲ್ಲಿ “ಈಗ ಎಂಟನೇ ತರಗತಿ ಮಕ್ಕಳಿಂದ ಒಂದು ಆಡು” ಎಂದುಬಿಟ್ಟೆ. ಸಭೆಯ ಹಿಂದಿನಿಂದ ಯಾವನೋ “ಮ್ಯಾಹ್ಯಾಹ್ಯಾ” ಎಂದ. ಹಳೆ ವಿದ್ಯಾರ್ಥಿ ಸಂಘ ನನ್ನ ಬಾಯಲ್ಲಿ ‘ಅಳೆ ವಿದ್ಯಾರ್ಥಿ ಸಂಘ’ ಆಯಿತು. ಮರುದಿನ ಡ್ರಿಲ್ ಮಾಸ್ಟರು ಮಕ್ಕಳ ಎತ್ತರ ನೋಡಲು ಟೇಪು ಹಿಡಿದು ಹೊರಟವರು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಟೀಚರ್, ಇದು ನಿಮ್ಮ ಸಂಘದ ಕೆಲಸ ಅಲ್ವಾ?” ಎಂದರು. ಬಿಸಿಯೂಟದ ಹೊತ್ತಿಗೆ “ಮೊಟ್ಟೆ ಬೇಡದವರು ಅಣ್ಣು ತಗೊಳ್ಳಿ” ಎಂದದ್ದನ್ನು ಮಕ್ಕಳು ಇನ್ನೂ ಮರೆತಿಲ್ಲ. ಬಾಳೆಹಣ್ಣಿನ ಬುಟ್ಟಿಗೆ ಅವರಿಟ್ಟ ಹೆಸರೇ ‘ಅಣ್ಣನ ಬುಟ್ಟಿ’.

ಸುಮ್ಮನೆ ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಭಾಷಾಶಾಸ್ತ್ರವನ್ನೇ ಬಿಚ್ಚಿದೆ. ನೋಡಿ, ಹಳಗನ್ನಡದಲ್ಲಿ ಪಾಲ್, ಪೂ, ಪತ್ತು ಎಂದಿತ್ತು. ನಡುಗನ್ನಡಕ್ಕೆ ಬರುವಾಗ ಆ ಪಕಾರ ಹಕಾರವಾಗಿ ಹಾಲು, ಹೂ, ಹತ್ತು ಆಯಿತು. ಅದರ ಮುಂದಿನ ಹೆಜ್ಜೆಯಲ್ಲಿ ಆ ಹಕಾರವೂ ಬಿದ್ದುಹೋಗಿ ಆಲು, ಊ, ಅತ್ತು. ನೀವು ತುಳುವಿನಲ್ಲಿ, ಬ್ಯಾರಿಯಲ್ಲಿ ಇನ್ನೂ ‘ಪತ್ತ್’ ಎನ್ನುತ್ತೀರಿ, ಅಂದರೆ ಸಾವಿರ ವರ್ಷ ಹಿಂದಿದ್ದೀರಿ. ನಾವು ಮಂಡ್ಯದವರು ಕನ್ನಡದ ಭವಿಷ್ಯವನ್ನು ಈಗಲೇ ಆಡುತ್ತಿದ್ದೇವೆ. ಎಲ್ಲರೂ ಗಂಭೀರವಾಗಿ ಕೇಳಿದರು. ಹಿಂದಿಯ ಟೀಚರ್ ಮಾತ್ರ, “ನಮ್ಮ ಕೊಂಕಣಿಯಲ್ಲಿ ಹತ್ತಕ್ಕೆ ಧಾ. ಜಗಳವೇ ಇಲ್ಲ” ಎಂದು ಚಹಾ ಬಸಿದುಕೊಂಡರು.

‘ಹ’ ಒಂದು ಕಡೆಯಿರಲಿ, ನನ್ನ ಹೊಟ್ಟೆಯೂ ಇಲ್ಲಿ ಒಮ್ಮೆ ಮೋಸ ಹೋಗಿದೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಇಲ್ಲಿಯವರಿಗೆ ಮೊಂತಿ ಫೆಸ್ತ್, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. 1763ರಲ್ಲಿ ಫರಂಗಿಪೇಟೆಯಲ್ಲಿ ಶುರುವಾದ ಹಬ್ಬವಂತೆ. ಗಣಿತದ ಟೀಚರ್ ಊಟಕ್ಕೆ ಕರೆದಿದ್ದರು. ಕ್ರೈಸ್ತರ ಮನೆಯ ಹಬ್ಬ, ಕರಾವಳಿ ಬೇರೆ. ನಾನು ಬಾಡೂಟದ ಸೀಮೆಯವಳು, ಬೆಳಿಗ್ಗೆ ಒಂದು ಲೋಟ ಕಾಫಿಯಲ್ಲಿ ಹೊಟ್ಟೆಯನ್ನು ಸುಮ್ಮನಿರಿಸಿ, ಬಸ್ಸಿಳಿದು ಮಳೆಯಲ್ಲಿ ನೆನೆದು ಹೋದೆ. ಬಾಳೆಲೆ ಹಾಕಿದರು. ಹರಿವೆ ಬಂತು. ಬೆಂಡೆ ಬಂತು. ಹೀರೆಕಾಯಿ ಬಂತು. ಕೆಸುವಿನ ದಂಟು ಬಂತು. ಅಂಬಟೆ ಬಂತು. ನಾನು ಪ್ರತಿಯೊಂದನ್ನೂ ಒಂದೇ ತುತ್ತು ರುಚಿ ನೋಡಿ, ಮುಖ್ಯ ಅತಿಥಿಗೆ ಜಾಗ ಕಾದಿರಿಸುತ್ತಾ ಹೋದೆ. ಅಡುಗೆಮನೆಯ ಬಾಗಿಲ ಕಡೆಗೇ ಕಣ್ಣು. ಅಜ್ಜಿ ನನ್ನ ಎಲೆ ನೋಡಿ, “ಟೀಚರ್ ಎಂತ ತಿನ್ನುವುದೇ ಇಲ್ಲ” ಎಂದು ಬೇಜಾರು ಮಾಡಿಕೊಂಡರು. ಕೊನೆಗೆ ಪಾಯಸ ಬಂದಾಗ ಎದೆ ಧಸಕ್ಕೆಂದಿತು. ಆ ದಿನ ಮೀನು ಮಾಂಸ ಮನೆಯೊಳಗೇ ಬರುವುದಿಲ್ಲ, ಪದಾರ್ಥಗಳು ಬೆಸಸಂಖ್ಯೆಯಲ್ಲಿರಬೇಕು, ಅವತ್ತಿನದು ಏಳು ಬಗೆ ಎಂದು ಅವರು ವಿವರಿಸಿದ್ದು ಎಲೆ ಮಡಚಿದ ಮೇಲೆ.

ಮಳೆ ರಜೆಯಲ್ಲೂ ಮೋಸ ಹೋದೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಆದೇಶಕ್ಕೆ ಇಡೀ ಜಿಲ್ಲೆ ಬೆಳಿಗ್ಗೆ ಮೊಬೈಲು ಹಿಡಿದು ಕಾಯುತ್ತದೆ. ಒಂದು ಬೆಳಿಗ್ಗೆ ವಾಟ್ಸಾಪಿಗೆ ರಜೆಯ ಆದೇಶ ಬಂತು. ನಾಲ್ಕು ಸಾಲಿಗೆ ಆರು ತಪ್ಪು, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅದನ್ನು ನೋಡಿಯೇ ಇದು ಅಪ್ಪಟ ಸರಕಾರಿ ಆದೇಶ ಎಂದು ನಂಬಿ ಮತ್ತೆ ಹೊದ್ದು ಮಲಗಿದೆ. ಒಂಬತ್ತೂವರೆಗೆ ಸಿಸ್ಟರ್ ಫೋನು: “ಟೀಚರ್, ಎಲ್ಲಿದ್ದೀರಿ? ಮಕ್ಕಳೆಲ್ಲ ಬಂದು ಆಯಿತು.”

ಆದರೆ ಇವೆಲ್ಲ ಸಣ್ಣಪುಟ್ಟವು. ಡಿಸೆಂಬರಿನ ವಾರ್ಷಿಕೋತ್ಸವದ ಮುಂದೆ ಲೆಕ್ಕಕ್ಕಿಲ್ಲ.

ಮುಖ್ಯ ಅತಿಥಿ ಕುವೈತಿನಲ್ಲಿರುವ ಹಳೆ ವಿದ್ಯಾರ್ಥಿ. ಶಾಲೆಗೆ ಆರು ಫ್ಯಾನು, ಒಂದು ನೀರಿನ ಫಿಲ್ಟರ್ ಕೊಟ್ಟಿದ್ದರು. ಬ್ಯಾನರ್ ನನ್ನ ಪಾಲಿಗೆ ಬಂತು. ಅಂದು ನೃತ್ಯದ ಮಕ್ಕಳಿಗೆ ಪಿನ್ನು ಚುಚ್ಚುತ್ತಾ, ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು ಪೇಟೆಯ ಡಿಟಿಪಿ ಅಂಗಡಿಗೆ ವಾಕ್ಯ ಹೇಳಿದೆ. ಅಂಗಡಿಯ ಹುಡುಗ ನನ್ನದೇ ಶಿಷ್ಯ. “ಆಯ್ತು ಟೀಚರ್, ಆಯ್ತು ಟೀಚರ್” ಎಂದ. ಬ್ಯಾನರ್ ಸುರುಳಿಯಾಗಿ ಬಂತು, ಸಂಜೆ ನಾಲ್ಕಕ್ಕೆ ಯಾರೋ ಏಣಿ ಹತ್ತಿ ಕಟ್ಟಿದರು. ನಾನು ಅದಕ್ಕೆ ಬೆನ್ನು ಕೊಟ್ಟು ಮೈಕಿನ ಮುಂದೆ ನಿಂತೆ.

ಮುಂದಿನ ಸಾಲಿನ ಮಕ್ಕಳು ಕಿಸಿಕಿಸಿ ನಗುತ್ತಿದ್ದರು. ಸೆರಗು ಸರಿ ಮಾಡಿಕೊಂಡೆ. ಮತ್ತೂ ನಗು. ಪೋಷಕರ ಸಾಲಿನಲ್ಲೂ ಬಾಯಿಗೆ ಕರವಸ್ತ್ರ. ಹೂಗುಚ್ಛ ಕೊಡುವ ಹೊತ್ತಿಗೆ ಪಕ್ಕಕ್ಕೆ ಸರಿದು ಹಿಂದಿರುಗಿ ನೋಡುತ್ತೇನೆ: ಹನ್ನೆರಡು ಅಡಿ ಅಗಲದ ಫ್ಲೆಕ್ಸಿನಲ್ಲಿ, ಅತಿಥಿಯ ನಗುಮುಖದ ಪಕ್ಕದಲ್ಲೇ, ಕೆಂಪು ಅಕ್ಷರದಲ್ಲಿ, ‘ನಿಮಗೆ ಆರ್ಥಿಕ ಸುಸ್ವಾಗತ’.

ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ಆ ಮಣ್ಣಿನಲ್ಲಿ ನಿಂತು, ಕನ್ನಡ ಎಂ.ಎ. ಮಾಡಿದ ನಾನು ‘ಹಾರ್ದಿಕ’ವನ್ನು ‘ಆರ್ಥಿಕ’ ಮಾಡಿದ್ದೆ. ಸಿಸ್ಟರ್ ಮುಖ ನೋಡಲು ಧೈರ್ಯ ಸಾಲಲಿಲ್ಲ. ಫಾದರ್ ಮಾತ್ರ ಕುರ್ಚಿಯಿಂದ ಸ್ವಲ್ಪ ಬಾಗಿ, “ಎಂತ ಟೀಚರ್, ನಾನು ಮೂರು ವರ್ಷದಿಂದ ಸುತ್ತಿ ಬಳಸಿ ಕೇಳ್ತಾ ಇದ್ದೆ, ನೀವು ನೇರ ಬರೆದೇ ಬಿಟ್ರಿ” ಎಂದರು. ಅತಿಥಿ ಮೈಕಿಗೆ ಬಂದು ಬ್ಯಾನರಿನತ್ತ ಒಮ್ಮೆ ತಿರುಗಿ ನೋಡಿ, “ಈ ಶಾಲೆಯಲ್ಲಿ ನನಗೆ ಕನ್ನಡದಲ್ಲಿ ಮೂವತ್ತೈದರ ಮೇಲೆ ಬಂದದ್ದೇ ಇಲ್ಲ. ಇದರಲ್ಲಿ ತಪ್ಪುಂಟಾ ಸರಿಯುಂಟಾ ಹೇಳ್ಲಿಕ್ಕೆ ಗೊತ್ತಾಗುವುದಿಲ್ಲ. ಓದಿದ್ದು ಅರ್ಥ ಮಾತ್ರ ಆಯಿತು” ಎಂದರು. ಚಪ್ಪಾಳೆ ನಿಲ್ಲಲಿಲ್ಲ. ಅರ್ಥವಾಗಿದ್ದರೂ ಅವರು ಏಳನೇ ಫ್ಯಾನು ಕೊಡಲಿಲ್ಲ ಎನ್ನುವುದು ಬೇರೆ ಮಾತು.

ಮರುದಿನ ಬೆಳಿಗ್ಗೆ ನೇರ ಡಿಟಿಪಿ ಅಂಗಡಿಗೆ ನುಗ್ಗಿದೆ. ಹುಡುಗ ಮೌಸು ಬಿಟ್ಟು ಎದ್ದು ನಿಂತ. ನಾನು ಬೈದು ಮುಗಿಸುವವರೆಗೆ ತಲೆ ತಗ್ಗಿಸಿಕೊಂಡಿದ್ದು, ಆಮೇಲೆ ಹೇಳಿದ: “ಕನ್ನಡದಲ್ಲಿ ಹೇಳಿದ ಹಾಗೆಯೇ ಬರೆಯುವುದು, ಇಂಗ್ಲಿಷಿನ ಹಾಗೆ ಅಲ್ಲ ಅಂತ ನೀವೇ ಅಲ್ವಾ ಟೀಚರ್ ಕಲಿಸಿದ್ದು?”

ಆ ಫ್ಲೆಕ್ಸನ್ನು ಎಸೆಯಲಿಲ್ಲ. ಈ ಊರಿನಲ್ಲಿ ಮಳೆ ತಡೆಯುವ ಯಾವ ವಸ್ತುವನ್ನೂ ಯಾರೂ ಎಸೆಯುವುದಿಲ್ಲ. ಸೈಕಲ್ ಶೆಡ್ಡಿನ ಮುರಿದ ಶೀಟಿನ ಜಾಗಕ್ಕೆ ಅದನ್ನು ಬಿಗಿದರು. ಗೇಟಿನೊಳಗೆ ಕಾಲಿಟ್ಟರೆ ಎದುರಿಗೆ ಕಾಣುವುದು ಅದೇ. ಫೀಸು ಕಟ್ಟಲು ಬರುವ ಪೋಷಕರು ಒಂದು ಕ್ಷಣ ನಿಂತು ಓದಿ, ಜೇಬು ಮುಟ್ಟಿ ನೋಡಿಕೊಂಡು ಆಫೀಸಿನ ಕಡೆ ನಡೆಯುತ್ತಾರೆ.

ನಾನು ಪಣ ತೊಟ್ಟೆ. ಬೆಳಗಿನ ಐದೂವರೆಗೆ ಎದ್ದು ಬಾಲ್ಕನಿಯಲ್ಲಿ ನಿಂತು, ಹೊಟ್ಟೆಯಿಂದ ಉಸಿರು ತಂದು, ಕಾಗುಣಿತ: ಹ, ಹಾ, ಹಿ, ಹೀ, ಹು, ಹೂ. ಮೊದಲ ದಿನ ಗಂಡ ಗಾಬರಿಯಿಂದ ಓಡಿ ಬಂದರು. ಒಂದು ವಾರದ ಮೇಲೆ ಕೆಳಮನೆಯ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿ, “ನಗುವ ಯೋಗ ಅಲ್ವಾ ಟೀಚರ್? ನಮಗೂ ಸೇರ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ನನ್ನ ‘ಹ’ ಪಳಗಿತ್ತು. ಎಷ್ಟೆಂದರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಬನ್ಸ್ ತಿನ್ನುವಾಗ ‘ಆಹಾ’ ಎನ್ನಲು ಹೋಗಿ ‘ಹಾಹಾ’ ಎಂದೆ. ಆ ಬನ್ಸಿನದೂ ಒಂದು ಕಥೆಯೇ. ಗಣಿತದ ಟೀಚರಿನ ತವರು ಶಾಂಭವಿಯ ಆಚೆ, ಉಡುಪಿ ಜಿಲ್ಲೆ. 2024ರಲ್ಲಿ ಉಡುಪಿ ಶೇ. 94 ಪಡೆದು ಮೊದಲು, ನಮ್ಮ ದಕ್ಷಿಣ ಕನ್ನಡ 92.12ರೊಂದಿಗೆ ಎರಡನೆಯದು, 2025ರಲ್ಲಿ ನಾವು 91.12, ಅವರು 89.96. ಸೋತವರು ಬನ್ಸ್ ತರಬೇಕೆಂಬುದು ಸ್ಟಾಫ್ ರೂಮಿನ ಕಾನೂನು. ಯಾರು ಸೋತರೂ ಮಂಡ್ಯದವಳಿಗೆ ಬನ್ಸ್ ತಪ್ಪುವುದಿಲ್ಲ.

ಜೂನಿನಲ್ಲಿ ಹೊಸ ಶೈಕ್ಷಣಿಕ ವರ್ಷದ ಬಲಿಪೂಜೆ, ಅಂದರೆ ಇಂಗ್ಲಿಷಿನವರ ‘ಮಾಸ್’. ಇಗರ್ಜಿಯಲ್ಲಿ ಸಾಮಾನ್ಯವಾಗಿ ಕೊಂಕಣಿ. ಶಾಲೆಯ ಮಕ್ಕಳಿಗೆಂದು ಕನ್ನಡದಲ್ಲಿ. ಗಾಯನಕ್ಕೆ ಟೀಚರುಗಳೂ ಸೇರಬೇಕೆಂದರು. ಹಿಂದಿನ ದಿನದ ಅಭ್ಯಾಸದಲ್ಲಿ, ಶುಭಸಂದೇಶ ಓದುವ ಮೊದಲು ಹಾಡುವ ಘೋಷ ಬಂತು. ಐದು ತಿಂಗಳ ಸಾಧನೆಯೆಲ್ಲ ಗಂಟಲಿಗೆ ಬಂದು ನಾನು ಗಟ್ಟಿಯಾಗಿ “ಹಲ್ಲೆಲೂಯ” ಎಂದೆ. ಕೀಬೋರ್ಡ್ ನಿಂತಿತು.

“ಟೀಚರ್,” ಎಂದರು ಸಂಗೀತದ ಸಿಸ್ಟರ್, “ಆ ‘ಹ’ ಎಲ್ಲಿಂದ ತಂದದ್ದು?”

“ಅಭ್ಯಾಸ ಮಾಡಿದ್ದು ಸಿಸ್ಟರ್.”

“ನಮ್ಮಲ್ಲಿ ‘ಹ’ ಇಲ್ಲ. ಅಲ್ಲೆಲೂಯ.”

ಅವರು ತಾಳ್ಮೆಯಿಂದ ವಿವರಿಸಿದರು. ಹೀಬ್ರೂವಿನಲ್ಲಿ ಹಕಾರ ಇತ್ತು. ಗ್ರೀಕಿಗೆ ಬರೆಯುವಾಗ ಅದು ಬಿದ್ದುಹೋಯಿತು. ಗ್ರೀಕಿನಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ನಮಗೆ. ಪ್ರೊಟೆಸ್ಟೆಂಟರು ಹೀಬ್ರೂ ಹಿಡಿದು ‘ಹ’ ಸೇರಿಸಿ ಹಾಡುತ್ತಾರೆ. “ನಿಮ್ಮ ಕಿಟ್ಟೆಲ್ ಬಾಸೆಲ್ ಮಿಶನ್ನಿನವರಲ್ಲವಾ, ಅವರಿಗೆ ನಿಮ್ಮದು ಸರಿ” ಎಂದು ನಕ್ಕರು. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ‘ಹ’ ನುಂಗಿದ ಗ್ರೀಕರ ಮೇಲೆ ನನಗೆ ಒಮ್ಮೆಲೇ ನಂಟಸ್ತಿಕೆ ಹುಟ್ಟಿತು. ಪಾಪ, ಅವರದ್ದೂ ಮದ್ದೂರಿನ ಕಡೆಯೇ ಇರಬೇಕು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಸಂಜೆ ಡಿಟಿಪಿ ಅಂಗಡಿಯಿಂದ ಹಾಡಿನ ಹಾಳೆಗಳ ಕಟ್ಟು ಬಂತು. ಆ ಸಲ ತಪ್ಪಾಗಬಾರದೆಂದು ನಾನೇ ಅಂಗಡಿಯಲ್ಲಿ ನಿಂತು, “ಹಾರದ ‘ಹ’, ಹಸುವಿನ ‘ಹ’” ಎಂದು ಒತ್ತಿ ಹೇಳಿ ಬರೆಸಿದ್ದೆ. ಹುಡುಗ ಹೇಳಿದ ಹಾಗೆಯೇ ಬರೆದಿದ್ದ. ಮುನ್ನೂರು ಪ್ರತಿ, ಪ್ರತಿಯೊಂದರಲ್ಲೂ ನಾಲ್ಕು ಹಲ್ಲೆಲೂಯ.

ಒಂಬತ್ತನೇ ತರಗತಿಯನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿದೆ. ಹೊರಗೆ ಮಳೆ ಧೋ ಎನ್ನುತ್ತಿತ್ತು, ಶೆಡ್ಡಿನ ಮೇಲೆ ‘ಆರ್ಥಿಕ’ ಪಟಪಟ ಬಡಿದುಕೊಳ್ಳುತ್ತಿತ್ತು. ಮಕ್ಕಳು ತುಟಿಕಚ್ಚಿಕೊಂಡು ನೀಲಿ ಪೆನ್ನಿನಲ್ಲಿ ‘ಹ’ ಹೊಡೆದು ಅದರ ತಲೆಯ ಮೇಲೆ ಪುಟ್ಟ ‘ಅ’ ಬರೆಯುತ್ತಿದ್ದರು. ಅರ್ಧ ಗಂಟೆ ಬಿಟ್ಟು ಹೋಗಿ, ಕೊನೆಯಲ್ಲಿ ಕೂತಿದ್ದ ಹುಡುಗನಿಗೆ ಕೇಳಿದೆ, ನಿನ್ನದು ಎಷ್ಟು ಹಾಳೆ ಆಯಿತು ಎಂದು.

ಅವನು ತಲೆಯೆತ್ತದೆ ಎಣಿಸಿ ಹೇಳಿದ: “ಅತ್ತು, ಟೀಚರ್.”