ಹುಲ್ಲಿಗೆ ಬಿಲ್ ಬರೆಯೋದು ಹೇಗೆ?

ನಮ್ಮ ಬಡಾವಣೆಯ ಕೆರೆಗೆ ಅಭಿವೃದ್ಧಿ ಬಂತು. ಹಳದಿ ಬಣ್ಣ, ಉದ್ದನೆಯ ಕೈ, ಕೈತುದಿಗೆ ಹಲ್ಲಿರುವ ಬಕೆಟ್ಟು. ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೋದವನು ನಿಂತು ನೋಡಿದೆ. ಚರಂಡಿ ನೀರು ಕೆರೆಗೆ ಸೇರುವ ಮೂಲೆಯಲ್ಲಿ ಆಳೆತ್ತರ ಬೆಳೆದಿದ್ದ ಆಪು ಎಂಬ ಜೊಂಡುಹುಲ್ಲನ್ನು ಜೆಸಿಬಿ ಬುಡಸಮೇತ ಕಿತ್ತು ದಡಕ್ಕೆ ಒಗೆಯುತ್ತಿತ್ತು. ಬೇರುಗಳಿಂದ ಕಪ್ಪು ಕೆಸರು ತೊಟ್ಟಿಕ್ಕುತ್ತಿತ್ತು. ಕೆಂಪು ಕೊಕ್ಕಿನ ಎರಡು ಜಂಬುಕೋಳಿಗಳು ಮನೆ ಖಾಲಿ ಮಾಡಿಸಿದ ಬಾಡಿಗೆದಾರರ ಹಾಗೆ ಪಕ್ಕದಲ್ಲೇ ನಿಂತಿದ್ದವು.

ಫೈಲು ಹಿಡಿದು ನಿಂತಿದ್ದ ಹುಡುಗನನ್ನು ಕೇಳಿದೆ, "ಏನಪ್ಪಾ ಇದು?"

"ಕಳೆ ಸಾರ್. ಕೆರೆ ಕ್ಲೀನ್ ಮಾಡ್ತಾ ಇದೀವಿ."

"ಇಷ್ಟು ದಿನ ಕ್ಲೀನ್ ಮಾಡ್ತಾ ಇದ್ದಿದ್ದೇ ಅದು ಅಲ್ವಾ?"

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಎಸ್‌ಟಿಪಿ ಬರತ್ತೆ ಸಾರ್. ನೆಕ್ಸ್ಟ್ ಫೇಸಲ್ಲಿ."

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಇರೋ ಕಿಡ್ನಿ ಕಿತ್ತು ಡಯಾಲಿಸಿಸ್ ಮಷೀನಿಗೆ ಟೆಂಡರ್ ಕರೆದ ಹಾಗಾಯಿತು. ಅದೂ ನೆಕ್ಸ್ಟ್ ಫೇಸಲ್ಲಿ.

ಆಪು ಏನೂ ಪವಾಡ ಮಾಡುವುದಿಲ್ಲ. ಓಡಿ ಬರುವ ಹೊಲಸು ನೀರನ್ನು ಸ್ವಲ್ಪ ನಿಧಾನಕ್ಕೆ ನಡೆಸುತ್ತದೆ, ಅಷ್ಟೇ. ನಿಧಾನಕ್ಕೆ ನಡೆದರೆ ಗಸಿ ತಳಕ್ಕೆ ಕೂರುತ್ತದೆ. ಬೇರಿನ ಸುತ್ತ ಕಣ್ಣಿಗೆ ಕಾಣದ ಜೀವಾಣುಗಳು ಸಂಸಾರ ಹೂಡಿರುತ್ತವೆ. ಕೊಳೆ ತಿನ್ನುವ ಕೆಲಸ ಅವುಗಳದ್ದು. ಗಿಡ ತನ್ನ ಟೊಳ್ಳು ಕಾಂಡದೊಳಗಿಂದ ಬೇರಿಗೆ ಗಾಳಿ ಇಳಿಸುತ್ತದೆ. ಗಾಳಿ ಇರುವ ಕಡೆ ಒಂದು ಜಾತಿಯ ಜೀವಾಣು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಗಾಳಿ ಇಲ್ಲದ ಕೆಸರಿನಲ್ಲಿ ಇನ್ನೊಂದು ಜಾತಿ ಆ ನೈಟ್ರೇಟನ್ನು ಸಾರಜನಕ ಮಾಡಿ ಆಕಾಶಕ್ಕೆ ಬಿಡುತ್ತದೆ. ಎರಡು ಶಿಫ್ಟು, ಭಾನುವಾರವೂ ಕೆಲಸ, ಓಟಿ ಕೇಳುವುದಿಲ್ಲ. ಇದನ್ನೇ ಬೇಕಂತ ಕಟ್ಟಬಹುದು. ಹೊಂಡ ತೋಡಿ, ನೀರು ಇಂಗದ ಹಾಗೆ ತಳ ಭದ್ರ ಮಾಡಿ, ಜಲ್ಲಿ ತುಂಬಿ, ಮೇಲೆ ಆಪೋ ಲಾವಂಚವೋ ಕ್ಯಾನಾ ಹೂವಿನ ಗಿಡವೋ ನೆಟ್ಟರೆ ಆಯಿತು. ಕಾಗದದ ಮೇಲೆ ಅದರ ಹೆಸರು ಕೃತಕ ಜೌಗು.

ನಮ್ಮಜ್ಜಿಗೆ ಈ ಹೆಸರೆಲ್ಲ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಬುಡಕ್ಕೆ ಹೋಗುತ್ತಿತ್ತು. ಬಾಳೆ ಕುಡಿದು ಬಿಟ್ಟಿದ್ದು ಪಕ್ಕದ ಕೆಸುವಿಗೆ. ಮಳೆಗಾಲದಲ್ಲಿ ಆ ಕೆಸುವಿನ ಎಲೆ ಅಡುಗೆಮನೆಗೆ ವಾಪಸ್ ಬರುತ್ತಿತ್ತು. ನೀರಿನ ಮರುಬಳಕೆಗೆ ಅಜ್ಜಿ ಪತ್ರೊಡೆ ಅನ್ನುತ್ತಿದ್ದರು. ಜರ್ಮನಿಯಲ್ಲಿ ಕೇಟೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೊಂಡು ನೆಟ್ಟು ಕೊಳಚೆ ನೀರು ತಿಳಿಯಾಗುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಲೋಕ ಅದನ್ನು ವಿಜ್ಞಾನ ಎಂದು ಒಪ್ಪಿಕೊಂಡಿದ್ದು ಆಮೇಲೆ. ಪತ್ರೊಡೆಯನ್ನು ಇನ್ನೂ ಒಪ್ಪಿಕೊಂಡಿಲ್ಲ.

ಜರ್ಮನಿಯವರೆಗೆ ಹೋಗುವುದೂ ಬೇಡ. ಬೆಂಗಳೂರಿನಲ್ಲೇ ಜಕ್ಕೂರು ಕೆರೆ ಇದೆ, ಸುಮಾರು 160 ಎಕರೆ. ಅದರ ಮೇಲ್ಗಡೆ 10 ಎಂಎಲ್‌ಡಿಯ ಎಸ್‌ಟಿಪಿ ಕಟ್ಟಿದರು. ಅಂದರೆ ದಿನಕ್ಕೆ ಒಂದು ಕೋಟಿ ಲೀಟರ್. ಅಲ್ಲಿಂದ ಬಿಟ್ಟ ನೀರು ಸೀದಾ ಕೆರೆಗೆ ಬೀಳದೆ ಮೊದಲು ಜೊಂಡಿನ ಜೌಗು ದಾಟಿ ಬರುವ ಹಾಗೆ ಮಾಡಿದರು. ಕೆರೆಯಲ್ಲಿ ನೀರು ನಿಂತಿತು, ಮೀನು ಬಂತು, ಮೀನು ಹಿಡಿಯುವವರು ಬಂದರು, ಹಕ್ಕಿ ಬಂದವು, ಹಕ್ಕಿಯ ಹಿಂದೆ ಉದ್ದ ಲೆನ್ಸಿನ ಕ್ಯಾಮೆರಾಗಳು ಬಂದವು. ಸುತ್ತಲ ಬಾವಿಗಳಲ್ಲೂ ನೀರು ಮೇಲೆ ಬಂತು. ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಜೌಗನ್ನು ಆಗಾಗ ಕತ್ತರಿಸಬೇಕು, ಇಲ್ಲದಿದ್ದರೆ ಗಿಡ ಹೀರಿಕೊಂಡಿದ್ದು ಅಲ್ಲೇ ಕೊಳೆತು ಮತ್ತೆ ನೀರಿಗೇ ಬರುತ್ತದೆ. ಆದರೆ ಕತ್ತರಿಸೋದು ಬೇರೆ, ಕೀಳೋದು ಬೇರೆ. ಕಟಿಂಗ್ ಶಾಪಿಗೆ ಹೋದವನಿಗೆ ಯಾರೂ ತಲೆ ತೆಗೆದು ಕಳಿಸುವುದಿಲ್ಲ.

ಇಷ್ಟು ಹತ್ತಿರದಲ್ಲಿ ಉದಾಹರಣೆ ಇಟ್ಟುಕೊಂಡು ಅಧಿಕಾರಿಗಳು ಯಾಕೆ ನೋಡುವುದಿಲ್ಲ ಎಂದು ನೀವು ಕೇಳಬಹುದು. ಹತ್ತಿರ ಇರುವುದೇ ತೊಂದರೆ. ಜಕ್ಕೂರಿಗೆ ಸ್ಟಡಿ ಟೂರ್ ಹೋದರೆ ಟಿಎ, ಡಿಎ ಎಷ್ಟು ಬರತ್ತೆ ಹೇಳಿ?

ಆಪಿನ ಇನ್ನೊಂದು ದೊಡ್ಡ ದೋಷ ಎಂದರೆ ಅದಕ್ಕೆ ಬಿಲ್ ಬರೆಯಲು ಬರುವುದಿಲ್ಲ. ಮೋಟಾರಿಲ್ಲ, ಪ್ಯಾನೆಲ್ ಬೋರ್ಡಿಲ್ಲ, ವರ್ಷವರ್ಷದ ನಿರ್ವಹಣೆ ಗುತ್ತಿಗೆ, ಅಂದರೆ ಎಎಂಸಿ ಇಲ್ಲ, ಸುಟ್ಟುಹೋಗಲು ಕಾಯಿಲ್ ಇಲ್ಲ. ಎಸ್ಆರ್ ಎಂಬ ಸರ್ಕಾರಿ ದರಪಟ್ಟಿಯ ಪುಸ್ತಕ ಪೂರ್ತಿ ತಿರುವಿದರೂ ಜೀವಾಣುವಿನ ರೇಟು ಸಿಗುವುದಿಲ್ಲ. ಉದ್ಘಾಟನೆ ಇನ್ನೂ ಕಷ್ಟ. ಮಂತ್ರಿಗಳು ಬಟನ್ ಒತ್ತಿದ ಮೇಲೆ ಏನಾದರೂ ತಿರುಗಬೇಕು, ಗುಂಯ್ ಅನ್ನಬೇಕು, ನೀರು ಪೈಪಿನಿಂದ ದಬದಬ ಬೀಳಬೇಕು. ಆಪಿನ ಮುಂದೆ ಬಟನ್ ಒತ್ತಿದರೆ ಗಾಳಿ ಬೀಸಿದ್ದಕ್ಕೆ ಅಲ್ಲಾಡಿತೋ ಮಂತ್ರಿಗಳಿಗೆ ಅಲ್ಲಾಡಿತೋ ಯಾರಿಗೆ ಗೊತ್ತಾಗುತ್ತದೆ?

ಬಿಲ್ ಆಗುವ ದಾರಿಗಳೂ ನಮಗೆ ಗೊತ್ತಿಲ್ಲದ್ದಲ್ಲ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಂಡಾಗ ನಾವು ಬಲೆ ಕಟ್ಟಿದೆವು. ಕಾಯಿಲೆ ಕೆರೆಗೆ, ಬ್ಯಾಂಡೇಜು ರಸ್ತೆಗೆ. 2018ರ ಜನವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಹತ್ತಿಕೊಂಡಾಗ ಆರಿಸಲು ಸುಮಾರು 5,000 ಸೈನಿಕರು ಬರಬೇಕಾಯಿತು. ಕೆರೆಯ ಬೆಂಕಿ ಆರಿಸಲು ಬೇರೆ ಕಡೆಯಿಂದ ನೀರು ತಂದ ಊರು ನಮ್ಮದು.

ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆ ಮುಟ್ಟಿತು. ಸ್ವಲ್ಪ ದಿನಕ್ಕೇ ಅಲ್ಲೂ ನೊರೆ ಕಾಣಿಸಿತು. ಎರಡು ಹಂತದ ಶುದ್ಧೀಕರಣ ಸಾಲದು, ಉಳಿದ ಸಾರಜನಕ, ರಂಜಕ ತೆಗೆಯುವ ಮೂರನೇ ಹಂತವೂ ಬೇಕು ಎಂದು ಅಲ್ಲಿಯ ರೈತರು ಕೇಳಿದರು, ಕೋರ್ಟಿಗೂ ಹೋದರು. ಮೂರನೇ ಹಂತಕ್ಕೆ ಜಾಸ್ತಿ ದುಡ್ಡು ಬೇಕು ಎಂಬುದು ಯಾವಾಗಲೂ ಸಿಗುವ ಉತ್ತರ. ಕೆರೆಯ ಬಾಯಲ್ಲಿ ಆ ಕೆಲಸದಲ್ಲಿ ಒಂದಷ್ಟನ್ನಾದರೂ ಸಂಬಳವಿಲ್ಲದೆ ಮಾಡುವ ಗಿಡಕ್ಕೆ ನಾವು ಇಟ್ಟ ಹೆಸರು ಕಳೆ.

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. (ಕೈ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಈಗ ಪ್ರಶ್ನೆ.) ನಮ್ಮ ಅಪಾರ್ಟ್‌ಮೆಂಟಿನ ಕತೆ ಕೇಳಿ. ನೆಲಮಾಳಿಗೆಯಲ್ಲಿ ನಮಗೂ ಒಂದು ಎಸ್‌ಟಿಪಿ ಇದೆ. ಕರೆಂಟ್ ಬಿಲ್ ಜಾಸ್ತಿ ಬರತ್ತೆ ಅಂತ ಅದಕ್ಕೆ ಗಾಳಿ ಊದುವ ಬ್ಲೋಯರನ್ನು ರಾತ್ರಿ ನಿಲ್ಲಿಸುತ್ತೇವೆ, ವಾಸನೆ ಬರತ್ತೆ ಅಂತ ಹಗಲು ನಿಲ್ಲಿಸುತ್ತೇವೆ. ತಪಾಸಣೆಯ ದಿನ ಮಾತ್ರ ಅದು ಗಣಪತಿ ಪೆಂಡಾಲಿನ ಹಾಗೆ ಜಗಮಗಿಸುತ್ತದೆ.

ಕಳೆದ ಸಭೆಯಲ್ಲಿ ಮೂರನೇ ಮಹಡಿಯ ಮೇಡಂ ಒಂದು ಮಾತು ಎತ್ತಿದರು. ಹಿಂದೆ ಲಾನ್ ಇದೆಯಲ್ಲ, ಅಲ್ಲಿ ಜಲ್ಲಿ ಹಾಕಿ ಕ್ಯಾನಾ ನೆಡೋಣ, ಸ್ನಾನದ ನೀರು, ಬಟ್ಟೆ ಒಗೆದ ನೀರು ಅದರಲ್ಲಿ ಹಾಯಿಸಿ ಫ್ಲಶ್‌ಗೆ ಬಳಸೋಣ ಎಂದರು. ಮೊದಲ ಆಕ್ಷೇಪ ಸೊಳ್ಳೆಯದ್ದು. ನೀರು ಜಲ್ಲಿಯ ಕೆಳಗೇ ಹರಿಯುತ್ತದೆ, ಮೇಲೆ ನಿಲ್ಲುವುದಿಲ್ಲ, ಸೊಳ್ಳೆ ಮೊಟ್ಟೆ ಇಡಲು ಜಾಗವೇ ಇಲ್ಲ ಎಂದು ಅವರು ಹೇಳಿದರು. ಎರಡನೇ ಆಕ್ಷೇಪ ಜಾಗದ್ದು. ಇದರಲ್ಲಿ ತಕ್ಕಮಟ್ಟಿಗೆ ನ್ಯಾಯ ಇದೆ. ಒಬ್ಬರಿಗೆ ಒಂದೆರಡು ಚದರ ಮೀಟರ್ ಬೇಕಾಗುತ್ತದೆ, ಒತ್ತಾಗಿ ಕಟ್ಟಿಕೊಂಡ ಊರಿಗೆ ಅದು ಸಣ್ಣ ಮಾತಲ್ಲ. ಆದರೆ ನಮ್ಮ ಖಜಾಂಚಿಯವರ ಚಿಂತೆ ಬೇರೆಯೇ ಇತ್ತು. "ಅಲ್ಲಿ ಆರು ವಿಸಿಟರ್ ಪಾರ್ಕಿಂಗ್ ಆಗತ್ತೆ ಮೇಡಂ."

ಕೊನೆಗೆ ಎದ್ದವರು ಒಬ್ಬ ಹಿರಿಯರು. "ನೋಡಮ್ಮಾ, ಸೈನ್ಸ್ ಎಲ್ಲಾ ಸರಿ. ಆದ್ರೆ ಇನ್ನೊಬ್ಬರು ಸ್ನಾನ ಮಾಡಿದ ನೀರನ್ನ ನಮ್ಮ ಕಕ್ಕಸಿಗೆ ಹಾಕೋದು ಅಂದ್ರೆ… ಮಡಿ ಮೈಲಿಗೆ ಅಂತ ಒಂದು ಇರತ್ತಲ್ವಾ?"

ಕಕ್ಕಸಿಗೂ ಮಡಿ! ಸಭೆ ತಲೆದೂಗಿತು. ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯಿಂದಲೇ ಫ್ಲಶ್ ಮಾಡುವುದು, ಅದು ಸಾಲದಿದ್ದರೆ ಟ್ಯಾಂಕರ್ ನೀರಿನಿಂದ ಮಾಡುವುದು ಎಂದು ತೀರ್ಮಾನವಾಯಿತು. ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಮಡಿ ಕೆಡುತ್ತದೆ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಬಂತಲ್ಲ, ಆಗ ಇದೇ ಖಜಾಂಚಿಯವರು ಬಕೆಟ್ ಹಿಡಿದು ಎಸ್‌ಟಿಪಿ ಕಡೆ ಹೋಗಿದ್ದರು. ಹೋದಷ್ಟೇ ಬೇಗ ವಾಪಸ್ ಬಂದರು. ಬ್ಲೋಯರ್ ನಿಲ್ಲಿಸಿದ ಎಸ್‌ಟಿಪಿಯ ನೀರಿನಲ್ಲಿ ತೊಳೆದರೆ ಕಾರನ್ನು ಮತ್ತೆ ತೊಳೆಯಬೇಕಾಗುತ್ತದೆ. ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂತು, ಇನ್ನೂ 775 ಎಂಎಲ್‌ಡಿ. ಎಲ್ಲರೂ ಉಸ್ಸಪ್ಪಾ ಎಂದೆವು. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಚರಂಡಿಗೆ ಬರುತ್ತದೆ ಎಂಬುದು ಎಂಜಿನಿಯರುಗಳು ಹಾಕುವ ಲೆಕ್ಕ. ಚರಂಡಿಗೂ ಐದನೇ ಹಂತ ಬಂತು ಎಂದು ಯಾರೂ ಸಿಹಿ ಹಂಚಲಿಲ್ಲ.

ಈಗ ನಮ್ಮ ಕೆರೆಗೆ ವಾಪಸ್ ಬರೋಣ. ಅಭಿವೃದ್ಧಿ ಮುಗಿದಿದೆ. ಸುತ್ತ ಇಂಟರ್‌ಲಾಕ್ ಟೈಲ್ಸ್, ನಡುವೆ ಕಾರಂಜಿ, ಗೇಟಿನ ಬಳಿ ಸಿಮೆಂಟಿನ ಜಿಂಕೆ. ಕಾರಂಜಿ ಸಂಜೆ ಆರಕ್ಕೆ ಶುರುವಾಗುತ್ತದೆ. ಅದರ ತುಂತುರು ಮೈಮೇಲೆ ಬಿದ್ದವರು ಮನೆಗೆ ಹೋಗಿ ಇನ್ನೊಂದು ಸ್ನಾನ ಮಾಡುತ್ತಾರೆ. ಎಸ್‌ಟಿಪಿ ನೆಕ್ಸ್ಟ್ ಫೇಸಲ್ಲೇ ಇದೆ.

ಮೊನ್ನೆ ಆ ಮೂಲೆಗೆ ಹೋದಾಗ ಚರಂಡಿಯ ಬಾಯಲ್ಲಿ, ಕಲ್ಲು ಕಟ್ಟಡದ ಸಂದಿಯಿಂದ ಮೊಣಕಾಲೆತ್ತರ ಆಪು ಎದ್ದಿತ್ತು. ಯಾರೂ ನೆಟ್ಟಿದ್ದಲ್ಲ. ಒಂದು ಜಂಬುಕೋಳಿ ಬಂದು ಸೈಟು ನೋಡುತ್ತಿತ್ತು. ಫೈಲಿನ ಹುಡುಗನೂ ಅಲ್ಲೇ ಇದ್ದ. ಟೇಪು ಹಿಡಿದು ಅಳೆಯುತ್ತಿದ್ದ. ನನ್ನನ್ನು ನೋಡಿ ನಕ್ಕ.

"ಕಳೆ ತೆಗೆಯೋದಕ್ಕೆ ಸಪರೇಟ್ ಎಸ್ಟಿಮೇಟ್ ಆಗಿದೆ ಸಾರ್. ಚದರ ಮೀಟರ್ ಲೆಕ್ಕ. ಇನ್ನೊಂದು ಸ್ವಲ್ಪ ಬೆಳೀಲಿ ಅಂತ ಕಾಯ್ತಾ ಇದೀವಿ."