ಹುಡುಕುವ ಗ್ಯಾರೇಜು, ಬದಲಿಸುವ ಗ್ಯಾರೇಜು

"ಟರ್ಬೊ ಗಾಡಿನ ಮಲೆನಾಡಲ್ಲಿ ಇಟ್ಕೊಂಡ್ರೆ ರಿಪೇರಿ ಮಾಡೋರು ಯಾರು ಮಾರಾಯ?" ಊರಿನ ಕಡೆಯ ಹುಡುಗರು ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ನೋಡುವಾಗ ಈ ಮಾತು ಬಂದೇ ಬರುತ್ತದೆ. (ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು.) ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಮರ್ಸಿಡಿಸ್, ಪೋರ್ಷೆ ಎರಡರ ತವರು ಇದು. ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಎರಡೂ ಕಡೆಯ ಗ್ಯಾರೇಜು ನೋಡಿದವನಾಗಿ ಹೇಳುವುದಾದರೆ, ಆ ಹೆದರಿಕೆ ಅರ್ಧ ಮಾತ್ರ ಸರಿ.

ಇಲ್ಲಿ ಮೆಕ್ಯಾನಿಕ್‌ನ ಒಂದು ಗಂಟೆಯ ಕೂಲಿ 100 ಯೂರೋ ದಾಟಿ ಎಷ್ಟೋ ಕಾಲವಾಯಿತು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಅದಕ್ಕಿಂತ ಅಗ್ಗ. ಹಾಗಾಗಿ ದೋಷ ಹುಡುಕುತ್ತಾ ಕೂರುವುದಕ್ಕಿಂತ ಬದಲಿಸಿಬಿಡುವುದೇ ಲಾಭ. ಶಿವಮೊಗ್ಗದಲ್ಲಿ ಲೆಕ್ಕ ಉಲ್ಟಾ. ಕೂಲಿ ಕಡಿಮೆ, ಪಾರ್ಟ್ ದುಬಾರಿ, ಅದೂ ಬೆಂಗಳೂರಿಂದಲೋ ಮಂಗಳೂರಿಂದಲೋ ಬರಬೇಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್ ಹುಡುಕದೆ ಬೇರೆ ದಾರಿಯೇ ಇಲ್ಲ. ಜರ್ಮನರು ಶಿಸ್ತಿನವರು, ನಮ್ಮವರು ಜುಗಾಡಿನವರು ಅಂತ ಸುಮ್ನೆ ಹೇಳುತ್ತಾರೆ. ನನಗೆ ಇದು ಬರೀ ದುಡ್ಡಿನ ಲೆಕ್ಕವಾಗಿ ಕಾಣುತ್ತದೆ.

ಆದರೆ ಆ ಲೆಕ್ಕದಿಂದ ಒಂದು ಒಳ್ಳೆಯ ಅಭ್ಯಾಸ ಹುಟ್ಟಿದೆ. ನಮ್ಮ ಕಡೆ ಬಾನೆಟ್ ಎತ್ತುವ ಮೊದಲೇ ಪ್ರಶ್ನೆ ಶುರು. "ಯಾವಾಗ ಮಿಸ್ಸಿಂಗ್ ಹೊಡೆಯುತ್ತೆ ಸಾರ್? ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲಾ, ಬಿಸಿ ಆದ್ಮೇಲಾ? ಮಳೇಲಿ ಜಾಸ್ತಿನಾ? ಘಾಟಿ ಹತ್ತುವಾಗ ಮಾತ್ರನಾ?" ಇಲ್ಲಿ ಕೌಂಟರಿನಲ್ಲಿ ಕೂತವರು ನನ್ನ ದೂರನ್ನು ಎರಡು ಸಾಲಿನಲ್ಲಿ ಟೈಪ್ ಮಾಡಿಕೊಳ್ಳುತ್ತಾರೆ. ಗಾಡಿಗೆ ಕೈ ಹಾಕುವವನ ಮುಖವನ್ನೇ ನಾನು ನೋಡುವುದಿಲ್ಲ. ಅವನಿಗೆ ಸಿಗುವುದು ಸ್ಕ್ಯಾನರಿನ ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಖ್ಯೆ ಮಾತ್ರ.

ಕೋಡ್ ಯಾವತ್ತೂ ಪೂರ್ತಿ ಉತ್ತರ ಅಲ್ಲ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅಷ್ಟೇ. ಕಾರಣ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಸಿಲಿಂಡರಿನ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್ನೇ ಹೋಗಿರಬಹುದು. ಖರ್ಚಿಲ್ಲದ ಪರೀಕ್ಷೆ ಒಂದಿದೆ: ಒಂದನೆಯದರ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದರದ್ದು ಒಂದನೆಯದಕ್ಕೆ ಹಾಕಿ ಓಡಿಸುವುದು. ಕೋಡ್ ಪಿ0303 ಆದರೆ, ಅಂದರೆ ಮಿಸ್ ಮೂರನೇ ಸಿಲಿಂಡರಿಗೆ ಹೋದರೆ, ಕಳ್ಳ ಸಿಕ್ಕಿದ: ಕಾಯಿಲ್ಲೇ. ಆಗದಿದ್ದರೆ ಪ್ಲಗ್ಗನ್ನು ಹಾಗೇ ಅದಲುಬದಲು ಮಾಡಿ. ಶಿವಮೊಗ್ಗದ ಹಳೆಯ ಮೆಕ್ಯಾನಿಕ್‌ಗಳು ಯಾವ ಕಂಪನಿಯ ಪ್ಲಗ್ಗಾದರೂ 'ಮೈಕೋ ಪ್ಲಗ್' ಅಂತಲೇ ಕರೆಯುತ್ತಾರೆ. ಆ ಮೈಕೋ, ನಾನಿರುವ ಊರಿನ ಬಾಷ್ ಕಂಪನಿಯ ಬೆಂಗಳೂರಿನ ಕೂಸು.

ಹಾಗಂತ ಗಿರಾಕಿಯ ಮಾತು ಕೇಳುವ ಕಿವಿಯೊಂದೇ ಸಾಲದು. ಪಿ0171 ತಗೊಳ್ಳಿ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಬಹಳ ಜನ ಇದನ್ನು ನೋಡಿದ ಕೂಡಲೇ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ಪಾಪ, ಸೆನ್ಸರ್ ಕಂಡದ್ದನ್ನು ಹೇಳಿದೆ, ಅಷ್ಟೇ. ಇಂಥ ಹೊತ್ತಲ್ಲಿ ಸ್ಕ್ಯಾನರಿನ ಲೈವ್ ಡೇಟಾ, ಅಂದರೆ ಎಂಜಿನ್ ಓಡುವಾಗಿನ ಅಂಕಿಗಳು, ಬೇಕೇ ಬೇಕು. ಐಡ್ಲಿಂಗಿನಲ್ಲಿ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಏರಿ, ರೇಸ್ ಕೊಟ್ಟಾಗ ಇಳಿದರೆ ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ. ಲೋಡ್ ಬಿದ್ದಾಗ ಏರಿದರೆ ಫ್ಯುಯೆಲ್ ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನ. ಪಿಕಪ್ ಇಲ್ಲ, ಟರ್ಬೊ ಒತ್ತಡ ಸಾಲದು ಅನ್ನುವ ಪಿ0299 ಬಂದಿದೆ ಅಂದರೆ ಟರ್ಬೊವನ್ನೇ ಬಿಚ್ಚುವುದಕ್ಕೆ ಮೊದಲು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್, ಕ್ಲಾಂಪ್ ನೋಡಿ. ಪೈಪಿಗೆ ಸ್ವಲ್ಪವೇ ಗಾಳಿ ಒತ್ತಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿಂದ ಬರುತ್ತೆ ಅಂತ ಕಾಣುತ್ತದೆ. ಪಂಕ್ಚರ್ ಅಂಗಡಿಯ ವಿದ್ಯೆಯೇ ಸಾಕು. ನಮ್ಮವರಿಗೆ ಇದನ್ನು ಕಲಿಸಬೇಕಾಗಿಲ್ಲ ಅಲ್ವಾ?

ಎಲೆಕ್ಟ್ರಿಕಲ್ ವಿಷಯದಲ್ಲಿ ಮಲೆನಾಡೇ ಬೇರೆ. ಆಗುಂಬೆ, ಹುಲಿಕಲ್ ಕಡೆಯ ಮಳೆಗಾಲ ಇಲ್ಲಿನವರ ಕಲ್ಪನೆಗೂ ಬರುವುದಿಲ್ಲ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ವೈಪರ್ ಕೆಳಗಿನ ನೀರಿನ ದಾರಿ ತರಗೆಲೆಯಿಂದ ಕಟ್ಟಿಕೊಳ್ಳುತ್ತದೆ. ಸನ್‌ರೂಫ್ ಇದ್ದರೆ ಅದರ ಸಣ್ಣ ಪೈಪೂ ಹಾಗೇ. ನೀರು ಕಾರ್ಪೆಟ್ ಕೆಳಗೆ ಇಳಿದು, ಕೆಲವು ಕಾರುಗಳಲ್ಲಿ ಅಲ್ಲೇ ಇರುವ ಕಂಟ್ರೋಲ್ ಯೂನಿಟ್ಟಿನ ಕನೆಕ್ಟರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಇನ್ನು ಇಲಿ. ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರಿನ ಬಾನೆಟ್ ಒಳಗೆ ಅದಕ್ಕೆ ಬೆಚ್ಚಗಿನ ಮನೆ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್, ಸ್ಟೇರಿಂಗ್, ಗೇರ್‌ಬಾಕ್ಸ್ ಲೈಟುಗಳೆಲ್ಲ ಒಟ್ಟಿಗೆ ಹತ್ತಿಕೊಂಡರೆ ಎಲ್ಲವೂ ಒಟ್ಟಿಗೆ ಕೆಟ್ಟಿಲ್ಲ ಅಂತಲೇ ತಿಳಿಯಿರಿ. ಮೊದಲು ಬ್ಯಾಟರಿ ಅಳೆಯಿರಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಕಣ್ಣಿಡಿ. ಆಮೇಲೆ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ಮಲ್ಟಿಮೀಟರ್ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಸರಿಯಿಲ್ಲ. ಎಂಜಿನ್ನಿನ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ ಕಟ್ಟಿದರೆ ಎಷ್ಟೋ 'ಸೆನ್ಸರ್ ಕಂಪ್ಲೇಂಟು'ಗಳು ಮಾಯ.

ನಮ್ಮ ಕಡೆಯ ಒಂದು ಚಾಳಿ ಮಾತ್ರ ನನಗೆ ಸಹಿಸುವುದಕ್ಕಾಗುವುದಿಲ್ಲ. ಅಗ್ಗದ ಸ್ಕ್ಯಾನರ್ ಚುಚ್ಚಿ, ಕೋಡ್ ಅಳಿಸಿ, "ಈಗ ಲೈಟ್ ಹೋಯ್ತು ನೋಡಿ" ಅಂತ ಕಳಿಸುವುದು. ಕೋಡಿನ ಜೊತೆ ಆ ಕ್ಷಣದ ಸ್ಪೀಡ್, ಎಂಜಿನ್ ಬಿಸಿ, ಲೋಡ್ ಎಲ್ಲ ದಾಖಲಾಗಿರುತ್ತದೆ. ಅಳಿಸಿದರೆ ಅದೂ ಹೋಯಿತು. ಮೊದಲು ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ.

ಇನ್ನೊಂದು, ರೀಮ್ಯಾಪ್, ಅಂದರೆ ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು. ಜರ್ಮನಿಯಲ್ಲಿ ಎಂಜಿನ್ ಪವರ್ ಹೆಚ್ಚಿಸಿದರೆ ಒಪ್ಪಿಗೆ ಪಡೆದು ಕಾರಿನ ಕಾಗದದಲ್ಲಿ ಬರೆಸಬೇಕು. ಇಲ್ಲದಿದ್ದರೆ ಗಾಡಿ ರಸ್ತೆಗೆ ಇಳಿಸುವ ಹಕ್ಕೇ ಹೋಗುತ್ತದೆ. ನಮ್ಮಲ್ಲಿ ಮಾಡಿಸಿದವನು ಮಾರುವಾಗ ಬಾಯಿ ಬಿಡುವುದಿಲ್ಲ. ಕೊಂಡವನ ಗಾಡಿಯಲ್ಲಿ ಕ್ಲಚ್ ಜಾರಿದಾಗ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕು.

ಬ್ರೇಕಿನ ಮಟ್ಟಿಗೆ ನಾನು ಪೂರ್ತಿ ಜರ್ಮನರ ಪಕ್ಷ. ಇಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ ಮೊದಲ ಸರ್ಕಾರಿ ತಪಾಸಣೆ, ಆಮೇಲೆ 2 ವರ್ಷಕ್ಕೊಮ್ಮೆ. ನಮ್ಮ ಸ್ವಂತ ಕಾರುಗಳಿಗೆ 15 ವರ್ಷ ಯಾರೂ ಕೇಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 155 ಡಿಗ್ರಿ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರವೇ? ಆಗುಂಬೆಯ 14 ತಿರುವು ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದ್ದಿದೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಎರಡರಲ್ಲೂ ಮೊದಲು ಗೇರ್ ಇಳಿಸಿ, ಸೈಡಿಗೆ ನಿಲ್ಲಿಸಿ ಆರಲು ಬಿಡಿ. ಆಯಿಲ್ಲನ್ನು 2 ವರ್ಷಕ್ಕೊಮ್ಮೆ ಬದಲಿಸಿ, ಚೆನ್ನಾಗಿ ಕಂಡರೂ ಬದಲಿಸಿ. ಆಟೊಮ್ಯಾಟಿಕ್ ಗಾಡಿಯವರು ಘಾಟಿ ಇಳಿಯುವಾಗ ಸುಮ್ನೆ ಡಿ (ಡ್ರೈವ್) ಸ್ಥಾನದಲ್ಲಿ ಬಿಡಬೇಡಿ. ಮ್ಯಾನ್ಯುಯಲ್‌ಗೆ ತಂದು ಎರಡನೇ ಗೇರಿನಲ್ಲೇ ಘಾಟಿಯ ಬುಡದ ಸೋಮೇಶ್ವರದವರೆಗೆ ಇಳಿಯಿರಿ.